ಅಜ್ಜಯ್ಯನ ಮೇನೆ

ಬ್ರೆಜಿಲ್ ದೇಶದ ಬೆಳೆ ಕೆಟ್ಟರೆ ಸಕಲೇಶಪುರದ ಮನೆಗಳ ಮುಂದೆ ಹೊಸ ಮೋಟಾರು ಬಂದು ನಿಲ್ಲುತ್ತದೆ. ಇದು ಗಾದೆಯಲ್ಲ, ಕಾಫಿ ಸೀಮೆಯವರು ಅನುಭವದಿಂದ ಕಂಡುಕೊಂಡ ಅರ್ಥಶಾಸ್ತ್ರ. 1994ರಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಹಿಮ ಬಿದ್ದು ಗಿಡಗಳು ಕರಟಿಹೋದುವು. ಇಲ್ಲಿ ಕಾಫಿಯ ಬೆಲೆ ಏರಿತು. ಮರುವರ್ಷ ನನ್ನ ಭಾವನ ತಂದೆಯವರು ಒಂದು ಬಿಳಿಯ ಕಾಂಟೆಸ್ಸಾ ಕಾರನ್ನು ಕೊಂಡರು. ಆ ಕಾಲಕ್ಕೆ ಅದು ದೊಡ್ಡವರ ವಾಹನ. ಅಕ್ಕನ ಮದುವೆಯ ದಿಬ್ಬಣ ಅದರಲ್ಲಿಯೇ ಬಂದುದು; ಹದಿಮೂರು ವರ್ಷದ ಹುಡುಗನಾಗಿದ್ದ ನಾನು ಅದರ ಮುಂದಿನ ಸೀಟಿನ ಮೇಲೆ ಕುಳಿತು ಒಂದು ಸುತ್ತು ಹೋಗಿ ಬಂದುದನ್ನು ಇನ್ನೂ ಮರೆತಿಲ್ಲ. ಆ ಬಳಿಕ ಕೆಲವು ವರ್ಷಗಳಲ್ಲಿ ಬೆಲೆ ನೆಲ ಕಚ್ಚಿತು. 2001ರಲ್ಲಿ ಕಾಂಟೆಸ್ಸಾವನ್ನು ಮಾರಿದರು. ಮತ್ತೆ ಆ ಮನೆಗೆ ಬಂದುದೆಲ್ಲ ಜೀಪುಗಳೇ.

2024ರಲ್ಲಿ ಬ್ರೆಜಿಲ್ ಮತ್ತು ವಿಯೆಟ್ನಾಮುಗಳಲ್ಲಿ ಮಳೆ ಕೈಕೊಟ್ಟಿತು. ಅದರ ಫಲವಾಗಿ 2025ರ ನವೆಂಬರಿನ ಒಂದು ಸಂಜೆ ಭಾವ ಬೆಂಗಳೂರಿನ ನಮ್ಮ ಮನೆಗೆ ಬಂದು, ಕೈಕಾಲು ತೊಳೆದು, ಕುರ್ಚಿಯ ಮೇಲೆ ಕುಳಿತು, "ನಾಳೆ, ನಾಡಿದ್ದು ನಿನಗೆ ಕಾಲೇಜಿನಲ್ಲಿ ಏನಾದರೂ ಕೆಲಸವಿದೆಯೇ?" ಎಂದು ಕೇಳಿದರು.

"ಏನು ಭಾವ, ವಿಶೇಷ?"

"ಕಾರು ನೋಡಬೇಕು. ನೀನು ಓದಿದವನು, ಜೊತೆಯಲ್ಲಿರು."

ಕನ್ನಡ ಎಂ.ಎ. ಓದಿದವನಿಗೆ ಮೋಟಾರಿನ ವಿಷಯದಲ್ಲಿ ಏನು ತಿಳಿದೀತು ಎಂಬ ಪ್ರಶ್ನೆ ನ್ಯಾಯವಾದುದೇ. ನನಗಿರುವುದು ಒಂದು ಪುಟ್ಟ ಹಳೆಯ ಕಾರು. ಅದಕ್ಕೆ ಏನಾದರೂ ಆದರೆ ಬಾನೆಟ್ಟು ತೆರೆದು ಗಂಭೀರವಾಗಿ ನೋಡಿ ಮತ್ತೆ ಮುಚ್ಚುವುದಷ್ಟೇ ನನ್ನ ವಿದ್ಯೆ. ಆದರೆ ಒಂದು ಮಾತಿನ ಮಟ್ಟಿಗೆ ನನ್ನ ಓದು ಉಪಯೋಗಕ್ಕೆ ಬಂದಿತು. ಭಾವ ಕೊಳ್ಳಬೇಕೆಂದಿದ್ದುದು ಸೆಡಾನ್ ಎಂಬ ಜಾತಿಯ ಕಾರು. 17ನೆಯ ಶತಮಾನದ ಲಂಡನ್ ನಗರದಲ್ಲಿ ಸೆಡಾನ್ ಎಂದರೆ ಇಬ್ಬರು ಆಳುಗಳು ಕೋಲಿನ ಮೇಲೆ ಹೊತ್ತು ನಡೆಯುತ್ತಿದ್ದ, ಬಾಗಿಲುಳ್ಳ ಪೆಟ್ಟಿಗೆಯಂಥ ಕುರ್ಚಿ. ನಮ್ಮ ಕಡೆಯ ಮೇನೆಯ ಅಣ್ಣತಮ್ಮನೆನ್ನಬಹುದು. ಮುಂದೆ 20ನೆಯ ಶತಮಾನದ ಮೊದಲಲ್ಲಿ ಅಮೆರಿಕದವರು ಅದೇ ಹೆಸರನ್ನು ಮುಚ್ಚಿದ ಮೋಟಾರಿಗೆ ಇಟ್ಟರು. "ಹಾಗಾದರೆ ನಾವು ಕೊಳ್ಳುವುದು ಮೇನೆ ಅನ್ನು" ಎಂದು ಭಾವ ನಕ್ಕರು. ಅಲ್ಲಿಂದ ಮುಂದೆ ಆ ಎರಡು ದಿನವೂ ನಮ್ಮಿಬ್ಬರ ನಡುವೆ ಅದಕ್ಕೆ ಮೇನೆಯೆಂದೇ ಹೆಸರಾಯಿತು.

ಈ ಮೇನೆ ಯಾರಿಗೆ ಬೇಕಾಗಿದೆಯೆಂಬುದನ್ನು ಮೊದಲು ಹೇಳಬೇಕು. ಭಾವನ ತಂದೆಯವರನ್ನು ಮಕ್ಕಳ ಸಲುಗೆಯಿಂದ ನಾವೆಲ್ಲರೂ ಅಜ್ಜಯ್ಯ ಎನ್ನುತ್ತೇವೆ. ವಯಸ್ಸು 84. ಹಿಂದಿನ ವರ್ಷದ ಮಳೆಗಾಲದಲ್ಲಿ ಕಾಫಿ ಕಣದ ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಕೀಲು ಮುರಿಯಿತು. ಕೀಲನ್ನು ಬದಲಾಯಿಸಿದರು. ಊರುಗೋಲು ಚೌಕಟ್ಟು ಹಿಡಿದು ಮನೆಯೊಳಗೆ ನಡೆಯುತ್ತಾರೆ, ಜಗಲಿಗೆ ಬರುತ್ತಾರೆ. ಆದರೆ ಜೀಪು ಹತ್ತಲಾರರು. ಹಾಸನದ ವೈದ್ಯರಲ್ಲಿಗೆ ಹೋಗಬೇಕಾದಾಗ ಇಬ್ಬರು ಎತ್ತಿ ಕೂರಿಸಬೇಕು. ಯಾರೊಬ್ಬರ ಕೈಯನ್ನೂ ಹಿಡಿಯದೆ ಬದುಕಿದ ಮನುಷ್ಯನಿಗೆ ಅದು ಮುರಿದ ಕೀಲಿಗಿಂತ ದೊಡ್ಡ ನೋವಾಯಿತು. ಎರಡು ಸಲ ಹೋಗಿ ಬಂದವರು ಮೂರನೆಯ ಸಲ ಬರುವುದಿಲ್ಲವೆಂದರು. ಮೈಸೂರಿನಲ್ಲಿ ಅವರ ತಂಗಿಯಿದ್ದಾರೆ, ಎಂಬತ್ತು ವರ್ಷ, ಹಾಸಿಗೆ ಹಿಡಿದವರು. ಅಣ್ಣ ತಂಗಿ ಮುಖ ನೋಡಿ ಎರಡು ವರ್ಷವಾಯಿತು. ಫೋನಿನಲ್ಲಿ ಮಾತನಾಡುತ್ತಾರೆ, ಇಬ್ಬರಿಗೂ ಕಿವಿ ಮಂದ.

ಹೊರಡುವ ಮುನ್ನ ಅಕ್ಕ ಭಾವನ ಕೈಯಲ್ಲಿ ತನ್ನ ಹೊಲಿಗೆಯ ಟೇಪನ್ನು ಕೊಟ್ಟು ಕಳಿಸಿದ್ದಳು. ಅಜ್ಜಯ್ಯ ಜಗಲಿಯಲ್ಲಿ ಕೂರುವ ಕುರ್ಚಿಯ ಎತ್ತರ 18 ಅಂಗುಲ. ಅದರಿಂದ ಅವರು ತಾವೇ ಎದ್ದು ನಿಲ್ಲಬಲ್ಲರು. ಅದಕ್ಕಿಂತ ತಗ್ಗಾದುದರಿಂದ ಏಳಲಾರರು. ಕೀಲು ಬದಲಾಯಿಸಿದವರು ತೊಡೆಯ ಸಂದನ್ನು 90 ಅಂಶಕ್ಕಿಂತ ಹೆಚ್ಚು ಮಡಿಸಬಾರದೆಂದು ವೈದ್ಯರು ಎಚ್ಚರಿಕೆ ಹೇಳುತ್ತಾರೆ. ಕುಳಿತಾಗ ಮಂಡಿಯು ಸೊಂಟಕ್ಕಿಂತ ಮೇಲೆ ಬಂದರೆ ಕೀಲು ತಪ್ಪುವ ಭಯ. ಆದುದರಿಂದ ಎತ್ತರದ ಜೀಪಿನಂಥದೂ ಬೇಡ, ನೆಲಕ್ಕೆ ಅಂಟಿದಂಥದೂ ಬೇಡ. "ಬಣ್ಣ, ಬೆಡಗು ನೀವು ನೋಡಿಕೊಳ್ಳಿ. ನನಗೆ ಸೀಟಿನ ಎತ್ತರ ಬರೆದು ತನ್ನಿ" ಎಂಬುದು ಅಕ್ಕನ ಆಜ್ಞೆ.

ಇಂಥ ಕಾರುಗಳನ್ನು ಒಂದು ಕಾಲದಲ್ಲಿ ಹಡಗಿನಿಂದಲೇ ಇಳಿಸಬೇಕಾಗಿತ್ತು. ಈಗ ಹಾಗಿಲ್ಲ. ಮರ್ಸಿಡಿಸ್ ಬೆಂಜ್ ಕಾರುಗಳನ್ನು 1995ರಿಂದ ಪುಣೆಯಲ್ಲಿ ಜೋಡಿಸುತ್ತಾರೆ, ಬಿ.ಎಂ.ಡಬ್ಲ್ಯು.ವಿನವರು 2007ರಲ್ಲಿ ಚೆನ್ನೈ ಬಳಿ ಕಾರ್ಖಾನೆ ತೆರೆದರು. ವೋಲ್ವೋ ಕಾರುಗಳನ್ನು ನಮ್ಮ ಹೊಸಕೋಟೆಯಲ್ಲಿಯೂ, ಲೆಕ್ಸಸ್ ಎಂಬ ಜಪಾನೀ ಕಾರನ್ನು 2020ರಿಂದ ಬಿಡದಿಯಲ್ಲಿಯೂ ಜೋಡಿಸತೊಡಗಿದರು. ನಾವು ಓಡಿಸಿ ನೋಡಿದ ಮೂರು ಯಾವುವೆಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯ ಅಳತೆಗೆ ಹೊಂದದ ಅಂಗಿ ನಿಮ್ಮ ಮನೆಯ ಅಳತೆಗೆ ಹೊಂದೀತು. ದರ್ಜಿಯ ಹೆಸರು ಕೆಡಿಸುವುದೇಕೆ?

ಮೊದಲನೆಯ ಅಂಗಡಿ ನಗರದ ನಡುವೆ. ಅಂಗಡಿಯೆಂದರೆ ಅವರಿಗೆ ಬೇಸರವಾದೀತು. ಗಾಜಿನ ಗೋಡೆ, ಕನ್ನಡಿಯಂಥ ನೆಲ, ನೆರಳಿಲ್ಲದ ಬಿಳಿಯ ಬೆಳಕು. ಆ ಬೆಳಕಿನಲ್ಲಿ ನಿಂತ ಕಾರುಗಳು ಒಂದು ದಿನವಾದರೂ ಧೂಳು ಕಂಡಾವೆಂದು ನಂಬುವುದೇ ಕಷ್ಟ. ಭಾವ ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕೇನೋ ಎಂದು ಕ್ಷಣ ತಡೆದುದನ್ನು ನಾನು ಕಂಡೆ. ಕೂರಿಸಿ ಕಾಫಿ ಕೊಟ್ಟರು. ಯಂತ್ರದಿಂದ ಬಂದ ಕಾಫಿ. ಭಾವ ಒಂದು ಗುಟುಕು ಕುಡಿದು ಬಟ್ಟಲನ್ನು ಕೆಳಗಿಟ್ಟು, "ನಮ್ಮ ಬೆಲೆ ಇಷ್ಟು ಏರಿರುವಾಗ ಇವರು ಇದನ್ನೂ ಕಾಫಿಯೆನ್ನುತ್ತಾರಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಬೆಳೆಗಾರನನ್ನು ಗೆಲ್ಲುವ ಮೊದಲ ಅವಕಾಶವನ್ನು ಆ ಅಂಗಡಿಯವರು ಹಾಗೆ ಕಳೆದುಕೊಂಡರು.

ಮಾರಾಟದ ಯುವಕ ಬಂದು, ಮೊದಲು ಹಿಂದಿನ ಎಡಬಾಗಿಲನ್ನು ತೆರೆದನು. ಮುಂದೆ ನಾವು ನೋಡಿದ ಎಲ್ಲೆಡೆಯಲ್ಲೂ ಇದೇ ಕ್ರಮ. ಈ ವರ್ಗದ ಕಾರಿನ ಗರ್ಭಗುಡಿ ಹಿಂದಿನ ಎಡ ಸೀಟು. ಯಜಮಾನನು ಅಲ್ಲಿ ಕೂರುತ್ತಾನೆ, ಬೇರೊಬ್ಬ ಓಡಿಸುತ್ತಾನೆ ಎಂದು ಅವರು ಮೊದಲೇ ತೀರ್ಮಾನಿಸಿದ್ದಾರೆ. ಭಾರತದಲ್ಲಿ ಕೊಳ್ಳುವವರು ಹಿಂದೆ ಕೂರುವವರೆಂದೇ ಕೆಲವು ಕಂಪನಿಗಳು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರವನ್ನು ಹೆಚ್ಚಿಸಿದ ಮಾದರಿಗಳನ್ನು ಇಲ್ಲಿ ಮಾರುತ್ತವೆ. ಕಾಲು ಚಾಚಲು ಸ್ಥಳವೇನೋ ಧಾರಾಳ. ಸೀಟು ಒರಗುತ್ತದೆ, ಕಿಟಕಿಯ ಪರದೆ ತಾನೇ ಏಳುತ್ತದೆ. ಭಾವ ಜೇಬಿನಿಂದ ಹೊಲಿಗೆಯ ಟೇಪು ತೆಗೆದಾಗ ಯುವಕನ ಮುಖದಲ್ಲಿ ಮೂಡಿದ ಭಾವವನ್ನು ವರ್ಣಿಸಲು ನವರಸಗಳು ಸಾಲವು. ಆದರೆ ಪಾಪ, ಅವನೇ ಮಂಡಿಯೂರಿ ಕುಳಿತು ಟೇಪಿನ ಕೆಳತುದಿಯನ್ನು ನೆಲಕ್ಕೆ ಹಿಡಿದನು. ಸೀಟಿನ ಎತ್ತರ 19 ಅಂಗುಲ; ನಾನು ಕುಳಿತು ಅದುಮಿದ ಮೇಲೆ 16. ಮೆತ್ತಗಿರುವುದೇ ದೋಷವಾಯಿತು. ಮೇಲಾಗಿ ಮಾಡು ಹಿಂದಕ್ಕೆ ಇಳಿಜಾರಾಗಿದ್ದುದರಿಂದ ತಲೆ ತಗ್ಗಿಸದೆ ಒಳಗೆ ಹೋಗುವಂತಿಲ್ಲ. ಅಜ್ಜಯ್ಯನನ್ನು ಬಲ್ಲವರಿಗೆ ಗೊತ್ತು: ಅವರು ಬಾಗುವ ಕುಳವಲ್ಲ, ಈಗಂತೂ ಬಾಗಲೇಬಾರದು.

ಆದರೂ ಓಡಿಸಿ ನೋಡದೆ ಬರಬಾರದೆಂದು ಹೊರಟೆವು. ಲೈಸೆನ್ಸಿನ ಪ್ರತಿ ಕೊಟ್ಟು, ಒಂದು ಕಾಗದಕ್ಕೆ ರುಜು ಹಾಕಿ, ಯುವಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಾವ ಚಕ್ರ ಹಿಡಿದರು. ಅವರು ಗೊತ್ತುಮಾಡಿದ ದಾರಿ ಆರು ಕಿಲೋಮೀಟರು. ಗಂಟೆಗೆ 250 ಕಿಲೋಮೀಟರು ಹೋಗಬಲ್ಲ ವಾಹನವನ್ನು ನಾವು 15ರ ವೇಗದಲ್ಲಿ ಪರೀಕ್ಷಿಸಿದೆವು. ಎಡಕ್ಕೆ ಆಟೋ, ಬಲಕ್ಕೆ ನೀರಿನ ಟ್ಯಾಂಕರು, ಮುಂದೆ ಬಸ್ಸು. ಇದರಿಂದ ಏನು ತಿಳಿದೀತೆಂದು ನಾನು ಗೊಣಗಿದೆ, ಆದರೆ ತಿಳಿಯಿತು. ನಿಂತು ನಿಂತು ಹೋಗುವಾಗ ಗೇರು ಜಗ್ಗುತ್ತದೆಯೇ, ಬ್ರೇಕು ಮೆಲ್ಲನೆ ಹಿಡಿಯುತ್ತದೆಯೇ, ಕಿವಿಗೆ ಎಷ್ಟು ಗದ್ದಲ ಬೀಳುತ್ತದೆ, ಸಣ್ಣ ಗುಂಡಿಯ ಏಟು ಬೆನ್ನಿಗೆ ತಾಗುತ್ತದೆಯೇ, ಇವೆಲ್ಲ ನಿಧಾನದಲ್ಲಿಯೇ ಹೆಚ್ಚು ಸ್ಪಷ್ಟ. ಮುರಿದ ಕೀಲಿನವರಿಗೆ ಬೇಕಾದುದೂ ಇದೇ. ಹೊರಗೆ ಟ್ಯಾಂಕರಿನವನು ಹಾರನ್ ಒತ್ತುತ್ತಿದ್ದುದು ಪಕ್ಕದ ಬೀದಿಯ ವಾಲಗದಂತೆ ಕೇಳಿಸಿತು.

ಹಿಂದಿರುಗುವಾಗ ಬಡಾವಣೆಯ ಒಂದು ರಸ್ತೆಯ ಉಬ್ಬಿನ ಮೇಲೆ ಹೊಟ್ಟೆ ತಾಗಿ ಕರ್ರೆಂದಿತು. ಯುವಕ ಕಣ್ಣು ಮುಚ್ಚಿಕೊಂಡನು. ಭಾರತೀಯ ರಸ್ತೆ ಕಾಂಗ್ರೆಸ್ಸು ಎಂಬ ಸಂಸ್ಥೆ ಈ ಉಬ್ಬುಗಳಿಗೆ ಅಳತೆ ಗೊತ್ತುಮಾಡಿದೆ: ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು. ಹಾಗೆ ಕಟ್ಟಿದರೆ ಯಾವ ಕಾರೂ ನಿಧಾನವಾಗಿ ದಾಟೀತು. ನಮ್ಮ ಬೀದಿಗಳ ಉಬ್ಬುಗಳು ಮೇಸ್ತ್ರಿಯ ಆ ದಿನದ ಮನಸ್ಸಿನಂತೆ. ಅಗಲ ಒಂದು ಮಾರೂ ಇಲ್ಲ, ಎತ್ತರ ಮಾತ್ರ ಮೊಳಕ್ಕೆ ಹತ್ತಿರ. ಗಾಲಿಗಳ ನಡುವೆ ಅಂತರ ಹೆಚ್ಚಾದಷ್ಟೂ ನಡುಹೊಟ್ಟೆ ದಿಬ್ಬದ ನೆತ್ತಿಗೆ ತಾಗುವ ಸಂಭವ ಹೆಚ್ಚು. ಕಾಲು ಚಾಚಲು ಸಿಕ್ಕಿದ ಸುಖಕ್ಕೆ ಕೆಳಗೆ ತೆರುವ ಸುಂಕವಿದು. ನೆಲದಿಂದ ಇಷ್ಟು ಎತ್ತರವೆಂದು ಕಂಪನಿಯವರು ಮುದ್ರಿಸುವ ಅಂಕೆಯಾದರೂ ಬಹುಮಟ್ಟಿಗೆ ಬರಿಯ ಕಾರಿನದು. ಐವರು ಕುಳಿತು ಹಿಂದೆ ಸಾಮಾನು ತುಂಬಿದ ಮೇಲಿನದಲ್ಲ.

ಎರಡನೆಯ ಕಾರಿನ ಕಡೆಯವರು ಹೆಚ್ಚು ಉದಾರಿಗಳು. ಬೆಳಗ್ಗೆ ಬೇಗ ಬಂದರೆ ಮೈಸೂರು ರಸ್ತೆಯಲ್ಲಿ ಬಿಡದಿಯವರೆಗೆ ಹೋಗಿಬರಲು ಒಪ್ಪಿದರು. ಈ ಹೊಸ ಹೆದ್ದಾರಿಯ ಉದ್ದ 118 ಕಿಲೋಮೀಟರು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ಆಗಸ್ಟಿನಿಂದ ನಡುವಣ ಹಾದಿಯಲ್ಲಿ ಸ್ಕೂಟರು, ಆಟೋ, ಟ್ರಾಕ್ಟರುಗಳನ್ನು ನಿಷೇಧಿಸಿದರು. ಕೆಂಗೇರಿಯ ಗೊಂದಲ ಕಳೆದು ಮೇಲಿನ ದಾರಿಗೆ ಏರುತ್ತಲೂ ಭಾವನ ಮುಖ ಅರಳಿತು. ವೇಗದ ಮಿತಿ 100. ಆ ಕಾರಿಗೆ 100 ಎಂಬುದು ಆಕಳಿಕೆಯಷ್ಟು ಸುಲಭ. ನೂರನ್ನು ಮುಟ್ಟಿದುದೇ ತಿಳಿಯದೆ, ದಾಟದಂತೆ ತಡೆಹಿಡಿಯುವುದೇ ಕೆಲಸವಾಯಿತು. ಚಕ್ರ ಹಿಡಿದ ಕೈಗೆ ರಸ್ತೆಯ ಮಾತು ತಿಳಿಯುತ್ತಿತ್ತೆಂದು ಭಾವ ಆಮೇಲೆ ಹೇಳಿದರು. ನಾನು ಹಿಂದೆ ಕುಳಿತು ಕೆಲಸಕ್ಕೆ ಬಾರದ ಗುಂಡಿಗಳನ್ನೆಲ್ಲ ಒತ್ತಿ ನೋಡುತ್ತಿದ್ದೆ. ಒಂದು ಗುಂಡಿ ಬೆನ್ನನ್ನು ತಿಕ್ಕತೊಡಗಿತು, ಅದನ್ನು ನಿಲ್ಲಿಸುವ ಗುಂಡಿ ಬಿಡದಿಯವರೆಗೂ ಸಿಕ್ಕಲಿಲ್ಲ.

ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿನ್ನದೆ ಬಂದರೆ ಪಾಪ ಬರುತ್ತದೆ. ಹಳೆಯ ರಸ್ತೆಗಿಳಿದು ಒಂದು ಹೋಟೆಲಿನ ಮುಂದೆ ಕಾರನ್ನು ನಿಲ್ಲಿಸಿದೆವು. ಜೊತೆಗೆ ಬಂದಿದ್ದ ಮಾರಾಟದ ಹುಡುಗನನ್ನೂ ಕೂರಿಸಿಕೊಂಡೆವು. ಅವನು ಕಾರಿನಿಂದ ಕಣ್ಣು ತೆಗೆಯಲಿಲ್ಲ. ಹೋಗಿ ಬರುವ ಮಕ್ಕಳು ಗೀಚಿಯಾರೆಂಬ ಭಯ. ಮಾತಿಗೆ ಮಾತು ಬಂದು, ತಾನು ದಿನವೂ ಸ್ಕೂಟರಿನಲ್ಲಿ ಕೆಲಸಕ್ಕೆ ಬರುವುದಾಗಿಯೂ, ಹೆದ್ದಾರಿಯ ಈ ನಡುದಾರಿಗೆ ಸ್ಕೂಟರನ್ನು ಬಿಡದಿರುವುದರಿಂದ ಮಾರುವ ಕಾರಿನಲ್ಲಿ ಮಾತ್ರ ಇದನ್ನು ನೋಡಿರುವುದಾಗಿಯೂ ಹೇಳಿದನು. ಹೇಳುವಾಗ ದುಃಖವೇನೂ ಇರಲಿಲ್ಲ. ಎರಡನೆಯ ಇಡ್ಲಿಯನ್ನು ನಮ್ಮ ಒತ್ತಾಯಕ್ಕೆ ತಿಂದನು.

ಅವನು ಕೈ ತೊಳೆಯಲು ಎದ್ದು ಹೋದಾಗ, ನನ್ನ ಮನಸ್ಸಿನಲ್ಲಿ ಎರಡು ದಿನದಿಂದ ಇದ್ದುದನ್ನು ಕೇಳಿಯೇ ಬಿಟ್ಟೆ. "ಭಾವ, ಅಜ್ಜಯ್ಯ ಕೂರುವುದಕ್ಕೆ ಹದಿನೈದು ಲಕ್ಷದ ಕಾರೂ ಸಾಕಲ್ಲವೇ? ಸೀಟಿನ ಎತ್ತರ ಅದರಲ್ಲೂ ಸಿಕ್ಕೀತು."

ಭಾವ ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಬಳಿಕ ಹೇಳಿದರು: "ಕಾಂಟೆಸ್ಸಾವನ್ನು ಹಾಸನದವರೆಗೆ ಓಡಿಸಿಕೊಂಡು ಹೋಗಿ ಕೊಂಡವನಿಗೆ ಒಪ್ಪಿಸಿದವನು ನಾನು. ಅಪ್ಪಯ್ಯ ಬರಲಿಲ್ಲ. ವಾಪಸು ಬಸ್ಸಿನಲ್ಲಿ ಬಂದೆ. ಆಗ ನನಗೆ ಮೂವತ್ತು ವರ್ಷ. ಮನೆಗೆ ಬಂದಾಗ ಅಪ್ಪಯ್ಯ ಬಾಗಿಲಲ್ಲಿ ನಿಂತು, ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದಷ್ಟೇ ಕೇಳಿದರು."

ನಾನು ಮತ್ತೆ ಆ ಪ್ರಶ್ನೆಯನ್ನೆತ್ತಲಿಲ್ಲ. ಹುಡುಗ ಬಂದನು, ಎದ್ದೆವು.

ಈ ಎರಡನೆಯ ಕಾರಿಗೆ ಒಂದು ವಿಶೇಷವಿತ್ತು: ಡಿಕ್ಕಿಯಲ್ಲಿ ಹೆಚ್ಚಿನ ಚಕ್ರವೇ ಇಲ್ಲ. ಗಾಳಿ ಹೋದರೂ ಓಡುವ ಟೈರುಗಳಂತೆ. ಗಂಟೆಗೆ 80ರ ಮಿತಿಯೊಳಗೆ ಸುಮಾರು 80 ಕಿಲೋಮೀಟರು ಹೋಗಬಹುದಂತೆ. ಭಾವ ತಮ್ಮ ಊರನ್ನಿಟ್ಟುಕೊಂಡು ಲೆಕ್ಕ ಹಾಕಿದರು. ಸಕಲೇಶಪುರದಿಂದ ಹಾಸನ 40 ಕಿಲೋಮೀಟರು, ಆದುದರಿಂದ ಹಾಸನ ಮುಟ್ಟಬಹುದು. ಆದರೆ ಆ ಅಳತೆಯ ಟೈರು ಹಾಸನದಲ್ಲಿ ಸಿಕ್ಕೀತೇ? ಬೆಂಗಳೂರಿನಿಂದ ತರಿಸಬೇಕೆಂದನು ಹುಡುಗ. ಅಂಥ ಟೈರಿನ ಪಕ್ಕ ಗಟ್ಟಿ. ಗಾಳಿಯಿಲ್ಲದಾಗ ಕಾರನ್ನು ಹೊರಬೇಕಾದುದು ಅದೇ. ಗಾಳಿಯಿದ್ದಾಗ ಆ ಗಟ್ಟಿತನವೇ ಗುಂಡಿಯ ಏಟನ್ನು ಸೊಂಟಕ್ಕೆ ಮುಟ್ಟಿಸುತ್ತದೆ. ಸೀಟಿನ ಎತ್ತರ ಅದುಮಿದ ಮೇಲೆ 15½. ಭಾವ ಇಳಿದು ಕಾರನ್ನು ಒಮ್ಮೆ ಸುತ್ತಿ ಬಂದು, ಮಾಡಿನ ಮೇಲೆ ಕೈಯಿಟ್ಟು, "ಇದು ನನಗೆ ಬೇಕಾದ ಕಾರು. ಅಪ್ಪಯ್ಯನಿಗಲ್ಲ" ಎಂದರು.

ಬೆಲೆಯ ಮಾತು ಒಂದಿಷ್ಟು ಬರೆಯದಿದ್ದರೆ ಓದುಗರು ಕ್ಷಮಿಸಲಾರರು. ಕಾರ್ಖಾನೆಯ ಲೆಕ್ಕದಲ್ಲಿ 50 ಲಕ್ಷವಾಗುವ ಇಂಥ ದೊಡ್ಡ ಕಾರಿಗೆ ಹಿಂದೆ ಜಿ.ಎಸ್.ಟಿ. ಮತ್ತು ಸೆಸ್ಸು ಸೇರಿ ನೂರಕ್ಕೆ 48ರಂತೆ 24 ಲಕ್ಷ ಬೀಳುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸೆಸ್ಸು ಹೋಗಿ ನೂರಕ್ಕೆ 40 ಆಯಿತು, ಎಂದರೆ 20 ಲಕ್ಷ. ಅಂಗಡಿಯ ಬೆಲೆ 70 ಲಕ್ಷ. ಅದರ ಮೇಲೆ ಕರ್ನಾಟಕದ ಆಜೀವ ರಸ್ತೆ ತೆರಿಗೆ. 20 ಲಕ್ಷಕ್ಕೆ ಮೀರಿದ ಕಾರಿಗೆ ನೂರಕ್ಕೆ 18ರಂತೆ 12 ಲಕ್ಷದ 60 ಸಾವಿರ. ಬಳಿಕ ವಿಮೆ, ಅದು, ಇದು. ಆ ರಸ್ತೆ ತೆರಿಗೆಯೊಂದರಲ್ಲಿಯೇ ನನ್ನಂಥವನು ಒಂದು ಒಳ್ಳೆಯ ಕಾರು ಕೊಂಡು ಪೆಟ್ರೋಲೂ ತುಂಬಿಸಬಹುದು. ಭಾವ ಅರ್ಧ ಹಣವನ್ನು ಕೈಯಿಂದ ಕೊಟ್ಟು, ಉಳಿದುದಕ್ಕೆ ಬ್ಯಾಂಕಿನ ಸಾಲ ಪಡೆಯಬೇಕೆಂದಿದ್ದರು.

ಮೂರನೆಯ ಕಾರನ್ನು ನಾವು ನೋಡಲು ಹೋಗಲಿಲ್ಲ. ಅದೇ ನಮ್ಮಲ್ಲಿಗೆ ಬಂದಿತು. ಮಂಗಳೂರಿನ ಅಂಗಡಿಯೊಂದರವರು ಮನೆಯ ಬಾಗಿಲಿಗೇ ಕಾರು ತಂದು ತೋರಿಸುವುದಾಗಿ ಹೇಳಿದರಂತೆ. ನಿಜಕ್ಕೂ ಇದೇ ಸರಿಯಾದ ಪರೀಕ್ಷೆ. ಹೆಣ್ಣು ನೋಡಲು ಹೋದವರು ಮದುವೆಯ ಮಂಟಪದಲ್ಲಿ ನೋಡಿ ಬರುವುದಿಲ್ಲ. ಕಾರನ್ನೂ ಅದು ಬಾಳಬೇಕಾದ ದಾರಿಯಲ್ಲಿಯೇ ನೋಡಬೇಕು. ಭಾನುವಾರ ನಾನೂ ಸಕಲೇಶಪುರಕ್ಕೆ ಹೋದೆ.

ಭಾವನ ತೋಟ ಪಟ್ಟಣದಿಂದ ಮಂಗಳೂರಿನ ದಿಕ್ಕಿಗೆ, ಮಂಜರಾಬಾದಿನ ಕೋಟೆಯನ್ನು ದಾಟಿ, ಹೆದ್ದಾರಿಯಿಂದ ಒಳಕ್ಕೆ ಮೂರು ಕಿಲೋಮೀಟರು. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಆ ನಕ್ಷತ್ರಾಕಾರದ ಕೋಟೆಯಿಂದ ನೋಡಿದರೆ ಘಟ್ಟದ ಸಾಲುಗಳು ಒಂದರ ಹಿಂದೊಂದು ನೀಲಿಯಾಗಿ ಪಡುವಣಕ್ಕೆ ಇಳಿದಿವೆ. ಕೊಯ್ಲು ಆಗತಾನೆ ಮೊದಲಾಗಿತ್ತು. ಅರಾಬಿಕ ಹಣ್ಣು ಕೆಂಪಗಾಗಿ, ಸಿಪ್ಪೆ ಸುಲಿದ ಬೀಜದ ಹುಳಿವಾಸನೆ ಕಣದ ಸುತ್ತ ತುಂಬಿತ್ತು. ಬೆಳಗ್ಗೆ ಹತ್ತು ಗಂಟೆಗೆ ಶಿರಾಡಿ ಘಟ್ಟವನ್ನು ಹತ್ತಿ ಬಂದ ಕಾರು ಹೆದ್ದಾರಿಯ ತಿರುವಿನಲ್ಲಿ ನಿಂತಿತು. ಮಾರಾಟದವರು ಕರಾವಳಿಯ ನಡುವಯಸ್ಸಿನ ಮನುಷ್ಯ. ಮಾತು ಕಡಿಮೆ. ನಾನೂ ಭಾವನೂ ತಿರುವಿನಲ್ಲಿಯೇ ಹತ್ತಿಕೊಂಡೆವು.

ಒಳದಾರಿಯ ನಡುವೆ ಒಂದು ಮೋರಿಯಿದೆ. ಕೊಳವೆ ಹೂಳಿ ಮೇಲೆ ಮಣ್ಣು ಪೇರಿಸಿದ ದಿಬ್ಬ ಅದು. ಜೀಪಿಗೆ ಅದು ಲೆಕ್ಕವಿಲ್ಲ. ಈ ಕಾರು ಅದರ ನೆತ್ತಿಗೇರುತ್ತಲೂ ಕೆಳಗೆ ಕಲ್ಲು ಉಜ್ಜಿದ ಸದ್ದಾಯಿತು. ಭಾವ ನಿಲ್ಲಿಸಿದರು. ಎಲ್ಲರೂ ಇಳಿದೆವು. ಮಂಗಳೂರಿನವರು ಬಗ್ಗಿ ನೋಡಿ, "ಏನೂ ಆಗಲಿಲ್ಲ. ಒಬ್ಬರೇ ಕುಳಿತು ಓರೆಯಾಗಿ ದಾಟಿಸಿ" ಎಂದರು. ನೇರವಾಗಿ ಹೋದರೆ ಎರಡು ಮುಂಗಾಲಿಗಳೂ ಒಟ್ಟಿಗೆ ಇಳಿದು ಹೊಟ್ಟೆ ತಾಗುತ್ತದೆ. ಓರೆಯಾಗಿ ಹೋದರೆ ಒಂದೊಂದೇ ಗಾಲಿ ಹತ್ತಿ ಇಳಿಯುತ್ತದೆ. ಹಾಗೆಯೇ ದಾಟಿತು. ಉಣುಗೋಲು ತೆಗೆದು ಹಿಡಿದಿದ್ದ ಆಳು, "ಇದಕ್ಕೆ ಹಸುವಿನ ನಡಿಗೆ ಸ್ವಾಮಿ" ಎಂದನು.

ಅಜ್ಜಯ್ಯ ಜಗಲಿಯ ಕುರ್ಚಿಯಲ್ಲಿದ್ದರು. ಬಿಳಿಯ ಪಂಚೆ, ತೋಳಿನ ಅಂಗಿ, ಚೌರ ಮಾಡಿಸಿಕೊಂಡ ನುಣುಪು ಮುಖ. ಅವರಿಗೆ ಯಾರೂ ಏನೂ ಹೇಳಿರಲಿಲ್ಲವೆಂದು ಭಾವ ತಿಳಿದಿದ್ದರು. ಕಾರನ್ನು ದಿಟ್ಟಿಸಿ ನೋಡಿ, "ಯಾರದು?" ಎಂದರು.

"ಸುಮ್ಮನೆ ನೋಡಲಿಕ್ಕೆ ತರಿಸಿದ್ದು, ಅಪ್ಪಯ್ಯ."

"ಬೇಡ ಕಣೋ. ಬೆಲೆ ಬಂದಾಗ ಕೊಂಡ ಕಾರನ್ನು ಬೆಲೆ ಬಿದ್ದಾಗ ಮಾರಬೇಕಾಗುತ್ತದೆ. ಒಂದು ಸಲ ನೋಡಿದ್ದೀಯಲ್ಲ."

ಭಾವನ ಮುಖ ಸಣ್ಣದಾಯಿತು. ಅಕ್ಕ ಮಾತ್ರ ಟೇಪು ಹಿಡಿದು ಅಂಗಳಕ್ಕೆ ಇಳಿದೇ ಬಿಟ್ಟಳು. ಮಂಗಳೂರಿನವರು ವಾಡಿಕೆಯಂತೆ ಹಿಂದಿನ ಎಡಬಾಗಿಲನ್ನು ತೆರೆದರು. ಅಕ್ಕ ಅಳೆದಳು: 16½. ತಲೆಯಾಡಿಸಿದಳು. ಆಗ ಅಜ್ಜಯ್ಯ ಜಗಲಿಯಿಂದಲೇ, "ಹಿಂದೆ ಯಾಕಮ್ಮ ಅಳೀತೀಯ? ನಾನು ಯಾವತ್ತು ಮೋಟಾರಿನಲ್ಲಿ ಹಿಂದೆ ಕೂತಿದ್ದೇನೆ?" ಎಂದರು.

ಎರಡು ಅಂಗಡಿಗಳಲ್ಲಿ ಎರಡು ದಿನ ಟೇಪು ಹಿಡಿದು ಬಗ್ಗಿದ್ದ ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ಹಿಂದೆ ಕೂರುವುದೇ ಗೌರವವೆಂದು ಮಾರುವವರು ತಿಳಿದಿದ್ದರೆ ಸರಿ. ನಾವೂ ಅದನ್ನೇ ನಂಬಿ ಮುಂದಿನ ಸೀಟನ್ನು ಅಳೆದೇ ಇರಲಿಲ್ಲ. ಮುಂದಿನ ಎಡ ಸೀಟು ವಿದ್ಯುತ್ತಿನಿಂದ ಏರಿ ಇಳಿಯುವಂಥದು. ಮಂಗಳೂರಿನವರು ಗುಂಡಿಯೊತ್ತಿ ಅದನ್ನು ತುದಿಯವರೆಗೆ ಮೇಲಕ್ಕೆತ್ತಿ, ಹಿಂದಕ್ಕೆ ಸರಿಸಿ, ಬೆನ್ನನ್ನು ತುಸು ಒರಗಿಸಿದರು. ಅಕ್ಕ ತಾನೇ ಕುಳಿತು ಅಳೆಸಿದಳು. ಹದಿನೆಂಟಕ್ಕೆ ಎಳ್ಳಿನಷ್ಟು ಕಡಿಮೆ.

ಕೂರುವುದಕ್ಕೂ ಒಂದು ಶಾಸ್ತ್ರವಿದೆ. ಹಾಸನದ ಅಂಗಸಾಧಕಿ ಅಕ್ಕನಿಗೆ ಅದನ್ನು ಕಲಿಸಿದ್ದಳು. ಮೊದಲು ಕಾರಿಗೆ ಬೆನ್ನು ಮಾಡಿ ನಿಲ್ಲಬೇಕು. ಸೀಟಿನ ಅಂಚು ಮಂಡಿಯ ಹಿಂಭಾಗಕ್ಕೆ ತಾಗುವವರೆಗೆ ಹಿಂದೆ ಸರಿಯಬೇಕು. ಆಪರೇಷನ್ ಆದ ಕಾಲನ್ನು ಮುಂದಕ್ಕೆ ಚಾಚಿ ಮೆಲ್ಲನೆ ಕೂರಬೇಕು. ಆಮೇಲೆ ಎರಡು ಕಾಲುಗಳನ್ನೂ ಜೋಡಿಯಾಗಿ ಒಳಕ್ಕೆ ತಿರುಗಿಸಬೇಕು. ಸೀಟಿನ ಮೇಲೆ ಜಾರುವ ಬಟ್ಟೆ ಹಾಸಿದರೆ ತಿರುಗುವುದು ಸುಲಭ. ಅಕ್ಕ ತನ್ನ ಹಳೆಯ ರೇಷ್ಮೆ ಸೀರೆಯ ತುಂಡನ್ನು ಮಡಿಸಿ ಹಾಸಿದಳು. ಅಜ್ಜಯ್ಯ ಚೌಕಟ್ಟು ಹಿಡಿದು ಅಂಗಳ ದಾಟಿದರು. ಭಾವ ಕೈ ಚಾಚಿದರು, ಅವರು ಹಿಡಿಯಲಿಲ್ಲ. ಕುಳಿತರು, ಒಂದು ಗಳಿಗೆ ಉಸಿರು ಹಿಡಿದರು, ತಿರುಗಿದರು. ಬಾಗಿಲನ್ನು ತಾವೇ ಎಳೆದುಕೊಂಡರು. ಅದು ಸದ್ದಿಲ್ಲದೆ ಮುಚ್ಚಿಕೊಂಡಿತು.

ಮೋರಿಯ ಬಳಿ ನಾವೆಲ್ಲ ಇಳಿದು ನಡೆದೆವು. ಅಜ್ಜಯ್ಯ ಕುಳಿತೇ ಇದ್ದರು. ಹೆದ್ದಾರಿ ಸೇರಿ ದೋಣಿಗಾಲಿನಿಂದ ಮಾರನಹಳ್ಳಿಯವರೆಗೆ ಹೋಗಿಬರುವುದೆಂದು ಗೊತ್ತಾಯಿತು. ಹದಿನಾಲ್ಕು ತಿಂಗಳಿಂದ ಆ ರಸ್ತೆಯನ್ನು ಸರಿಯಾಗಿ ನೋಡದಿದ್ದವರು ಎಡಕ್ಕೂ ಬಲಕ್ಕೂ ನೋಡುತ್ತ, ಇಲ್ಲೊಂದು ಮರವಿತ್ತಲ್ಲ, ಅಲ್ಲಿ ಗುಡ್ಡ ಯಾವಾಗ ಕಡಿದರು ಎಂದು ಕೇಳುತ್ತ ಹೋದರು. 2018ರ ಮಳೆಗಾಲದಲ್ಲಿ ಈ ಘಟ್ಟದಲ್ಲಿ ಗುಡ್ಡಗಳು ಕುಸಿದು ಸಂಚಾರ ನಿಂತಾಗ ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ತಮ್ಮ ಮನೆಯಿಂದ ಅನ್ನ ಕಳಿಸಿದುದನ್ನು ಮಂಗಳೂರಿನವರಿಗೆ ವಿವರಿಸಿದರು. ಒಂದೆಡೆ ಸಂಕೇತ ದೀಪದ ಮುಂದೆ ನಿಂತಾಗ ಎಂಜಿನು ತಾನೇ ನಿಂತಿತು. ಅಜ್ಜಯ್ಯ ಕಿವಿಗೊಟ್ಟು, "ಬಂಡಿ ಆಫ್ ಆಯಿತೇನೋ" ಎಂದರು. ನಿಂತಾಗ ಎಣ್ಣೆ ಉಳಿಸಲು ಹಾಗೆ ಆಗುತ್ತದೆಂದು ಹೇಳಿದ ಮೇಲೆಯೂ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ.

ಇಳಿಜಾರು ಮೊದಲಾಗುತ್ತಲೂ ಅವರ ಬಲಗೈ ಅಭ್ಯಾಸದಿಂದ ಗೇರಿನ ಕಡೆಗೆ ಸರಿಯಿತು. ಅಲ್ಲಿ ಕೋಲಿರಲಿಲ್ಲ. "ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಸಬೇಕು. ಬ್ರೇಕನ್ನು ನಂಬಬೇಡ" ಎಂದು ಐವತ್ತನಾಲ್ಕು ವರ್ಷದ ಮಗನಿಗೆ ಪಾಠ ಹೇಳಿದರು. ಮಂಗಳೂರಿನವರು ಹಿಂದಿನಿಂದ, "ದೊಡ್ಡವರು ಹೇಳುವುದು ಸರಿ" ಎಂದು ಚಕ್ರದ ಹಿಂಬದಿಯ ಸಣ್ಣ ಹಿಡಿಯನ್ನು ತೋರಿಸಿದರು. ಭಾವ ಅದನ್ನು ಎಳೆದರು. ಗೇರು ಇಳಿದು ಎಂಜಿನು ಮೊದಲ ಬಾರಿಗೆ ಗಟ್ಟಿಯಾಗಿ ಗುರುಗುಟ್ಟಿತು. "ಹಾಂ, ಈಗ ಮೋಟಾರಿನ ಹಾಗಾಯಿತು" ಎಂದರು ಅಜ್ಜಯ್ಯ.

ಹಿಂದಿರುಗಿ ಬಂದು ಅಂಗಳದಲ್ಲಿ ನಿಂತ ಮೇಲೆ ಅವರು ಕೂಡಲೆ ಇಳಿಯಲಿಲ್ಲ.

"ಎಷ್ಟಂತೆ?"

ಭಾವ ನನ್ನ ಕಡೆ ನೋಡದೆ, "ನಲವತ್ತು ಲಕ್ಷ" ಎಂದರು.

ಅಜ್ಜಯ್ಯ ಬಹಳ ಹೊತ್ತಿನ ಮೇಲೆ ನಕ್ಕರು. "ಕಾಂಟೆಸ್ಸಾ ತಂದಾಗ ನಿಮ್ಮಜ್ಜನಿಗೆ ನಾನೂ ಅರ್ಧ ಬೆಲೆಯನ್ನೇ ಹೇಳಿದ್ದೆ. ನನಗೂ ಆಗ ನಿನ್ನದೇ ವಯಸ್ಸು." ಬಳಿಕ ನಗು ನಿಲ್ಲಿಸಿ, "ಆದರೆ ಸಾಲ ಮಾಡಿರಲಿಲ್ಲ ಎಂದೂ ಹೇಳಿದ್ದೆ. ಅದೂ ಸುಳ್ಳು. ಆ ಸಾಲಕ್ಕೇ ಕಾರು ಹೋಯಿತು, ಬೆಲೆಗೆ ಅಲ್ಲ. ಇದ್ದರೆ ತಗೋ. ಸಾಲ 'ಬೇಡ'" ಎಂದರು.

ಭಾವ ಈ ಮಾತನ್ನು ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಸಲ ಕೇಳಿದರು.

ಮಧ್ಯಾಹ್ನ ಊಟವಾದ ಮೇಲೆ ಭಾವನೂ ಮಂಗಳೂರಿನವರೂ ಕಾಗದ ಹಿಡಿದು ಕುಳಿತರು. ಒಳ್ಳೆಯ ಕಾಫಿಯೂ ಬಂದಿತು. ಅಜ್ಜಯ್ಯ ಹಿಂದೆ ಕೂರುವುದಿಲ್ಲವೆಂದ ಮೇಲೆ ಹಿಂದಿನ ಸೀಟಿನ ಒರಗುವ ಯಂತ್ರ, ಬೆನ್ನು ತಿಕ್ಕುವ ಯಂತ್ರ, ತಾನೇ ಏಳುವ ಪರದೆ ಇವುಗಳಿಂದ ಏನಾಗಬೇಕು? ಅವಿಲ್ಲದ ಕೆಳಗಿನ ದರ್ಜೆಯ ಮಾದರಿಯಲ್ಲಿಯೂ ಎಂಜಿನು ಅದೇ, ಮುಂದಿನ ಏರುವ ಸೀಟೂ ಅದೇ, ಡಿಕ್ಕಿಯಲ್ಲಿ ಹೆಚ್ಚಿನ ಚಕ್ರವೂ ಉಂಟು. ಬೆಲೆ ಹಲವು ಲಕ್ಷ ಇಳಿಯಿತು. ಉಳಿದುದಕ್ಕೆ ಭಾವ ಈ ಸಲದ ಬೆಳೆ ಮಾರಿದ ಮೇಲೆ ಕಾರು ಪಡೆಯುವುದೆಂದೂ, ಫೆಬ್ರವರಿಯವರೆಗೆ ಕಾಯುವುದೆಂದೂ ನಿರ್ಧರಿಸಿದರು. ಮುಂಗಡದ ಚೆಕ್ಕು ಬರೆದರು. ಎರಡನೆಯ ಕಾರನ್ನು ನೆನೆದು ಒಮ್ಮೆ ನಿಟ್ಟುಸಿರಿಟ್ಟದ್ದನ್ನು ನಾನಲ್ಲದೆ ಬೇರೆ ಯಾರೂ ಗಮನಿಸಲಿಲ್ಲ.

ಸಂಜೆ ನಾನು ಬೆಂಗಳೂರಿನ ಬಸ್ಸಿಗೆ ಹೊರಟಾಗ ಭಾವ ಜೀಪಿನಲ್ಲಿ ಹೆದ್ದಾರಿಯವರೆಗೆ ಬಿಡಲು ಬಂದರು. ಮೋರಿಯ ಹತ್ತಿರ ದಾರಿ ಕಟ್ಟಿತ್ತು. ಟ್ರಾಕ್ಟರೊಂದು ಜಲ್ಲಿ ಸುರಿದು ನಿಂತಿತ್ತು; ಇಬ್ಬರು ಆಳುಗಳು ಗುದ್ದಲಿ ಹಿಡಿದು ದಿಬ್ಬದ ಎರಡು ಮಗ್ಗುಲನ್ನೂ ಉದ್ದಕ್ಕೆ ತುಂಬಿ ಇಳಿಜಾರು ಮಾಡುತ್ತಿದ್ದರು. ಭಾನುವಾರ ಯಾರು ಈ ಕೆಲಸ ಹೇಳಿದರೆಂದು ಭಾವ ಕೇಳಿದರು.

"ದೊಡ್ಡ ಯಜಮಾನರು ರೈಟರಿಗೆ ಫೋನ್ ಮಾಡಿದರಂತೆ" ಎಂದನು ಒಬ್ಬನು. "ಮೈಸೂರಿನ ಅಮ್ಮನವರಿಗೂ ಮಾಡಿದರು. ಗಟ್ಟಿಯಾಗಿ ಹೇಳುತ್ತಿದ್ದರು, ನಮಗೆ ಕಣದವರೆಗೂ ಕೇಳಿಸಿತು. ಶಿವರಾತ್ರಿ ಹೊತ್ತಿಗೆ ಬರುತ್ತೇನೆ, ಊಟಕ್ಕೆ ಕಾಯಬೇಡ ಅಂತ."